ಜಿಪ್ ಹಾಕಿದ ಸತ್ಯವೇದ

ಡಿಸೆಂಬರ್ 31ರ ರಾತ್ರಿ ಹನ್ನೊಂದೂವರೆ ಹೊತ್ತಿಗೆ ನಮ್ಮ ಚರ್ಚುಗಳಲ್ಲಿ ನಿಲ್ಲಲೂ ಜಾಗವಿರುವುದಿಲ್ಲ. ಈಸ್ಟರ್ ಯಾವ ತಿಂಗಳಲ್ಲಿ ಬರುತ್ತದೆಂದು ಮರೆತವರೂ ಅಂದು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹಾಜರ್. ಪಾಸ್ಟರ್ ಪ್ರಸಂಗ ಮಾಡುತ್ತಲೇ ಇರುತ್ತಾರೆ, ಸಭಿಕರ ಕಣ್ಣು ಮಾತ್ರ ಮುಂದಿನ ಮೇಜಿನ ತಟ್ಟೆಯ ಮೇಲೆ. ತಟ್ಟೆಯಲ್ಲಿ ವಾಗ್ದಾನದ ಕಾರ್ಡುಗಳು. ಹನ್ನೆರಡು ಹೊಡೆಯಿತೋ ಇಲ್ಲವೋ, ಸಾಲು ಹೊರಡುತ್ತದೆ. ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸಿ, ಒಂದು ಕಾರ್ಡು ಎತ್ತಿಕೊಳ್ಳುವುದು. ಬೆಂಚಿಗೆ ಬರುವ ಮೊದಲೇ ಓದಿ ಮುಗಿಸುವುದು. ಪಕ್ಕದವರ ಕಾರ್ಡನ್ನು ಇಣುಕಿ ನೋಡಿ ತನ್ನದು ಮೇಲೋ ಅವರದು ಮೇಲೋ ಎಂದು ತೂಗುವುದು. ಒಬ್ಬರಿಗೆ ಐಶ್ವರ್ಯ, ಒಬ್ಬರಿಗೆ ಆರೋಗ್ಯ, ಒಬ್ಬರಿಗೆ ಶತ್ರುನಾಶ. ಶತ್ರುನಾಶ ಸಿಕ್ಕಿದವರ ಮುಖದ ಕಳೆಯೇ ಬೇರೆ. ಅವರು ಕೂಡಲೇ ತಿರುಗಿ, ಶತ್ರು ಯಾವ ಬೆಂಚಿನಲ್ಲಿ ಕುಳಿತಿದ್ದಾನೆಂದು ಖಾತ್ರಿ ಮಾಡಿಕೊಳ್ಳುತ್ತಾರೆ.

ಇವರೇ ಮರುದಿನ ಬಸ್ ಸ್ಟ್ಯಾಂಡಿನ ಮರದಡಿ ಗಿಳಿ ಶಾಸ್ತ್ರದವನನ್ನು ಕಂಡರೆ ಮುಖ ತಿರುಗಿಸುತ್ತಾರೆ. ಲೋಕದ ಮೂಢನಂಬಿಕೆ ನೋಡಿ ಇವರ ಮನಸ್ಸು ನೊಂದುಕೊಳ್ಳುತ್ತದೆ. ನ್ಯಾಯವಾಗಿ ಹೇಳಬೇಕೆಂದರೆ ಎರಡಕ್ಕೂ ವ್ಯತ್ಯಾಸ ಇದೆ. ನಮ್ಮಲ್ಲಿ ಗಿಳಿಗೆ ಹಾಕುವ ಕಾಳಿನ ಖರ್ಚಿಲ್ಲ. ಅವನ ಕಟ್ಟಿನಲ್ಲಿ ಶನಿಕಾಟದ ಕಾರ್ಡೂ ಬರಬಹುದು, ನಮ್ಮ ತಟ್ಟೆಯಲ್ಲಿ ಅಂಥ ಅಪಾಯವೇ ಇಲ್ಲ. ಆಮೋಸನ ಪುಸ್ತಕದಿಂದ ವಾಗ್ದಾನದ ಕಾರ್ಡು ಬಂದವರನ್ನು ನಾನಂತೂ ಕಂಡಿಲ್ಲ. ಜನರ ಹಬ್ಬಗಳು ತನಗೆ ಅಸಹ್ಯವೆಂದೂ ಅವರ ಹಾಡಿನ ಗದ್ದಲ ತನಗೆ ಬೇಡವೆಂದೂ ದೇವರು ಆ ಪ್ರವಾದಿಯ ಬಾಯಲ್ಲಿ ಹೇಳಿಸಿದ್ದಾನೆ. ಅದನ್ನು ಅಚ್ಚು ಹಾಕಿ ಸುತ್ತ ಗುಲಾಬಿ ಹೂವಿನ ಚಿತ್ರ ಬಿಡಿಸುವುದಾದರೂ ಹೇಗೆ?

ಈ ಪದ್ಧತಿಗೆ ಒಂದು ಗೌರವದ ವಂಶಾವಳಿಯೂ ಇದೆ. ಜರ್ಮನಿಯ ಹೆರ್ನ್‌ಹೂಟ್ ಎಂಬ ಊರಿನ ಮೊರೇವಿಯನ್ ಸಭೆಯವರು ದಿನಕ್ಕೊಂದು ವಾಕ್ಯದ ಪುಸ್ತಕವನ್ನು 1731ರಿಂದ ಅಚ್ಚು ಹಾಕುತ್ತ ಬಂದಿದ್ದಾರೆ. ಹಳೆ ಒಡಂಬಡಿಕೆಯ ವಾಕ್ಯಗಳನ್ನು ಇಂದಿಗೂ ಚೀಟಿ ಎತ್ತಿಯೇ ಆರಿಸುತ್ತಾರೆ. ಆದರೆ ಅಲ್ಲಿ ಎತ್ತಿದ ವಾಕ್ಯ ಇಡೀ ಸಭೆಯ ಪಾಲಿಗೆ. ಅಂದು ಎಲ್ಲರೂ ಅದೇ ಒಂದನ್ನು ಹೊತ್ತು ನಡೆಯಬೇಕು. ನಾವು ಸಭೆಯನ್ನು ಕೈಬಿಟ್ಟು ಚೀಟಿಯನ್ನು ಮಾತ್ರ ಉಳಿಸಿಕೊಂಡೆವು.

ನಮ್ಮ ತಟ್ಟೆಯ ಚಕ್ರವರ್ತಿ ಯೆರೆಮೀಯ 29:11. ದೇವರ ಮನಸ್ಸಿನಲ್ಲಿ ನಮಗಾಗಿ ಒಳ್ಳೆಯ ಯೋಜನೆಗಳಿವೆ, ಮುಂದೆ ನಿರೀಕ್ಷೆಯ ದಿನಗಳಿವೆ ಎಂಬ ಅರ್ಥದ ವಾಕ್ಯ. ಕ್ಯಾಲೆಂಡರಿನಲ್ಲಿ ಅದೇ, ಕಾಫಿ ಮಗ್ಗಿನಲ್ಲಿ ಅದೇ, ಆಟೋದ ಹಿಂದೆ ಅದೇ, ನೀಟ್ ಬರೆಯುವ ಮಗಳ ಮೇಜಿನ ಮೇಲೆ ಅದೇ, ಕೆನಡಾ ವೀಸಾ ಅರ್ಜಿಯ ಫೈಲಿನೊಳಗೂ ಅದೇ. ಆ ವಾಕ್ಯ ಇರುವ ಪತ್ರ ಯಾರಿಗೆ ಬರೆದದ್ದು ಎಂದು ಮಾತ್ರ ಕೇಳಬಾರದು. ಅದು ಬಾಬೆಲಿಗೆ ಸೆರೆಹೋಗಿದ್ದ ಯೆಹೂದ್ಯರಿಗೆ ಬರೆದ ಪತ್ರ. ದೇಶ ಬಿಟ್ಟು ಹೋಗಲು ಹಾತೊರೆಯುವವರು ಇಂದು ಓದುತ್ತಿರುವುದು, ದೇಶಕ್ಕೆ ಮರಳಲು ಅಳುತ್ತಿದ್ದವರ ಅಂಚೆಯನ್ನು. ಒಂದೇ ಒಂದು ವಾಕ್ಯ ಮೇಲೆ ಕಣ್ಣಾಡಿಸಿದರೆ ಗಡುವೂ ಸಿಗುತ್ತದೆ: ಬಾಬೆಲಿಗೆ 70 ವರ್ಷ ತುಂಬಿದ ಮೇಲೆ. ಅಂದರೆ ಪತ್ರ ಓದಿಸಿಕೊಂಡ ಹಿರಿಯರೆಲ್ಲ ಬಾಬೆಲಿನ ಮಣ್ಣಿಗೇ. ಬಿಡುಗಡೆ ಏನಿದ್ದರೂ ಮೊಮ್ಮಕ್ಕಳಿಗೆ. ಅಲ್ಲಿಯತನಕ ಏನು ಮಾಡಬೇಕೆಂದು ಪತ್ರದಲ್ಲಿ ಸ್ಪಷ್ಟವಾಗಿದೆ. ಮನೆ ಕಟ್ಟಬೇಕು, ತೋಟ ಹಾಕಬೇಕು, ಮಕ್ಕಳಿಗೆ ಮದುವೆ ಮಾಡಬೇಕು, ತಮ್ಮನ್ನು ಹಿಡಿದು ತಂದವರ ಊರಿನ ಕ್ಷೇಮಕ್ಕಾಗಿಯೇ ಪ್ರಾರ್ಥಿಸಬೇಕು. 11ನೇ ವಾಕ್ಯ ಹೊತ್ತ ಮಗ್ಗುಗಳಿಗೆ ಲೆಕ್ಕವಿಲ್ಲ, 7ನೇ ವಾಕ್ಯಕ್ಕೆ ಒಂದು ಸ್ಟೀಲ್ ಲೋಟವೂ ದಕ್ಕಿಲ್ಲ. ಪರರ ಊರಿನ ಚರಂಡಿ, ಶಾಲೆ, ಕುಡಿಯುವ ನೀರಿನ ಬಗ್ಗೆ ತಲೆ ಕೆಡಿಸಿಕೋ ಎಂದು ಬೆಳಗಾಗೆದ್ದು ಹೇಳುವ ಮಗ್ಗು ಯಾರಿಗೆ ಬೇಕು?

ಅದರ ಹಿಂದಿನ ಅಧ್ಯಾಯದಲ್ಲಿ ಒಂದು ಸೊಗಸಾದ ಪಾತ್ರ ಬರುತ್ತದೆ. ಹನನ್ಯ ಅಂತ. ಅವನೂ ಪ್ರವಾದಿಯೇ. ಎಪ್ಪತ್ತು ವರ್ಷದ ಮಾತೇ ಬೇಡ, ಎರಡೇ ವರ್ಷ, ದೇವಾಲಯದ ಪಾತ್ರೆಗಳೂ ವಾಪಸ್, ಸೆರೆಹೋದವರೂ ವಾಪಸ್ ಎಂದು ಯಾಜಕರ ಮುಂದೆ, ಜನರ ಮುಂದೆ ಸಾರಿದ. ಯೆರೆಮೀಯ ಕುತ್ತಿಗೆಗೆ ಹಾಕಿಕೊಂಡಿದ್ದ ನೊಗವನ್ನು ಎಲ್ಲರೆದುರೇ ಕಿತ್ತು ಮುರಿದ. ಈಗ ಬದುಕಿದ್ದರೆ ಅವನಿಗೆ ಯೂಟ್ಯೂಬ್ ಚಾನೆಲ್ಲೂ ಮೈದಾನದಲ್ಲಿ ಮೂರು ದಿನದ ಕನ್ವೆನ್ಷನ್ನೂ ಖಂಡಿತ. ಆ ವರ್ಷವೇ ಏಳನೆಯ ತಿಂಗಳಲ್ಲಿ ಅವನು ತೀರಿಕೊಂಡ ಎಂದು ಪುಸ್ತಕ ಒಂದು ಸಾಲಿನಲ್ಲಿ ಮುಗಿಸುತ್ತದೆ. ಪುಸ್ತಕ ಯೆರೆಮೀಯನ ಹೆಸರಿನಲ್ಲಿ ಉಳಿಯಿತು. ಜನ ಉಳಿದದ್ದು ಹನನ್ಯನ ಹಿಂದೆ.

ಇಂಥ ಕತ್ತರಿ ಕೆಲಸ ನಮ್ಮೂರಿನದು ಮಾತ್ರ ಅಂದುಕೊಳ್ಳಬೇಡಿ. ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನಲ್ಲಿ ಪ್ರೇಮಿಗಳು ಮಿಚ್ಪ ಎಂಬ ಹೆಸರು ಕೆತ್ತಿಸಿದ ಒಡವೆಗಳನ್ನು ಕೊಟ್ಟುಕೊಳ್ಳುತ್ತಿದ್ದರು. ನಾವು ದೂರವಿರುವಾಗ ದೇವರು ನಮ್ಮಿಬ್ಬರನ್ನೂ ನೋಡಿಕೊಳ್ಳಲಿ ಎಂಬ ಆದಿಕಾಂಡದ ಮಾತಿನ ನೆನಪಿಗೆ. ಆ ಮಾತು ಆಡಿದ್ದು ಮಾವ ಲಾಬಾನ, ಅಳಿಯ ಯಾಕೋಬನಿಗೆ. ಇಪ್ಪತ್ತು ವರ್ಷ ಒಬ್ಬರಿಗೊಬ್ಬರು ಟೋಪಿ ಹಾಕಿ, ಕೊನೆಗೆ ಗಡಿಯಲ್ಲಿ ಕಲ್ಲು ಗುಡ್ಡೆ ಹಾಕಿ, ಇದನ್ನು ದಾಟಿ ನನ್ನ ಕಡೆ ಬರಬೇಡ, ನಾನೂ ಬರುವುದಿಲ್ಲ, ನಿನ್ನ ಮೇಲೆ ದೇವರೇ ಕಣ್ಣಿಟ್ಟಿರಲಿ ಎಂದ ಸಂದರ್ಭ. ಕುತ್ತಿಗೆಯಲ್ಲಿ ಅದನ್ನು ನೇತುಹಾಕಿಕೊಂಡು ಎಷ್ಟು ಸಂಸಾರಗಳು ಸುಖವಾಗಿದ್ದವೋ! ಇನ್ನು ಫಿಲಿಪ್ಪಿ 4:13 ಜಿಮ್ಮಿನ ಬನಿಯನ್ನಿಗೆ ಬಂದು ಕುಳಿತಿದೆ. ಎಲ್ಲಕ್ಕೂ ಶಕ್ತನಾಗಿದ್ದೇನೆ ಎಂದು ಪೌಲ ಹೇಳಿದ್ದು ಸೆರೆಮನೆಯಲ್ಲಿ ಕುಳಿತು, ಹೊಟ್ಟೆ ತುಂಬಿದ್ದಾಗಲೂ ಹಸಿದಿದ್ದಾಗಲೂ ಇರಲು ಕಲಿತಿದ್ದೇನೆ ಎಂಬ ಮಾತಿನ ಬೆನ್ನಿಗೆ. ಡಂಬೆಲ್ಸ್ ವಿಚಾರ ಅವನ ಗಮನಕ್ಕೆ ಬಂದಿರಲಿಲ್ಲ.

ಒಂದು ವಾಕ್ಯವನ್ನು ಅದರ ಮನೆಯಿಂದ ಎತ್ತಿ ತಂದು ಬೇಕಾದ ಕಡೆ ಅಂಟಿಸುವ ಈ ಕಲೆಯಲ್ಲಿ ನಮಗಿಂತ ಹಳಬ ಒಬ್ಬನಿದ್ದಾನೆ. ಮತ್ತಾಯ, ಲೂಕ ಇಬ್ಬರೂ ಅವನ ಹೆಸರು ಹೇಳಿದ್ದಾರೆ. ಅಡವಿಯಲ್ಲಿ ನಲವತ್ತು ದಿನ ಉಪವಾಸವಿದ್ದ ಯೇಸುವನ್ನು ದೇವಾಲಯದ ತುದಿಗೆ ಕರೆದೊಯ್ದು, ಇಲ್ಲಿಂದ ಹಾರು, ದೂತರು ಕೈಯಲ್ಲಿ ಎತ್ತಿಕೊಳ್ಳುತ್ತಾರೆ ಎಂದು ಬರೆದಿದೆಯಲ್ಲ ಎಂದ ಸೈತಾನ. ಬರೆದಿರುವುದು ನಿಜವೇ. 91ನೇ ಕೀರ್ತನೆ. ನಮ್ಮ ಮನೆಗಳ ಬಾಗಿಲ ಮೇಲೆ ಫ್ರೇಮ್ ಹಾಕಿಸಿ ತೂಗುಬಿಡುವುದೂ ಅದನ್ನೇ. ಎಲ್ಲಿ ನಿಲ್ಲಿಸಬೇಕೆಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಕೀರ್ತನೆಯ ಮುಂದಿನ ವಾಕ್ಯದಲ್ಲಿ ಸರ್ಪವನ್ನು ತುಳಿಯುವ ಪ್ರಸ್ತಾಪ ಇದೆ. ಬೈಬಲ್ ಬಾಯಿಪಾಠ ಮಾಡಿದವರೆಲ್ಲ ದೈವಭಕ್ತರು ಎಂದು ನಂಬಿರುವ ನಮ್ಮ ಸಂಡೇ ಸ್ಕೂಲಿನ ಬಹುಮಾನ ಸಮಿತಿ ಈ ಪ್ರಸಂಗವನ್ನು ಒಮ್ಮೆ ಓದಬಹುದು. ಅವನು ಸ್ಪರ್ಧೆಗೆ ಇಳಿದಿದ್ದರೆ ಮೊದಲ ಕಪ್ಪು ಅವನಿಗೇ.

ಯೇಸು ಕೊಟ್ಟ ಉತ್ತರಗಳೂ ಸತ್ಯವೇದದವೇ. ಮೂರಕ್ಕೆ ಮೂರೂ ಧರ್ಮೋಪದೇಶಕಾಂಡದವು. ಅವುಗಳನ್ನು ಸಾಲಾಗಿ ಇಟ್ಟು ನೋಡಿ. ರೊಟ್ಟಿಯೊಂದರಿಂದಲೇ ಬದುಕು ಸಾಗದು, ದೇವರನ್ನು ಪರೀಕ್ಷಿಸಬಾರದು, ಆತನೊಬ್ಬನನ್ನೇ ಆರಾಧಿಸಬೇಕು. ಒಂದರಲ್ಲೂ ಓದುಗನಿಗೆ ಲಾಭ ಇಲ್ಲ. ತನಗೇನು ಸಿಗುತ್ತದೆ ಎಂದು ತೋರಿಸುವ ವಾಕ್ಯವನ್ನು ಸೈತಾನ ತಂದ, ತನ್ನಿಂದ ಏನು ಕೇಳಲಾಗಿದೆ ಎಂದು ತೋರಿಸುವ ವಾಕ್ಯಗಳನ್ನು ಯೇಸು ಎತ್ತಿಕೊಂಡ. ನಮ್ಮ ತಟ್ಟೆಯ ಕಾರ್ಡುಗಳು ಈ ಇಬ್ಬರಲ್ಲಿ ಯಾರ ಪದ್ಧತಿಯಲ್ಲಿ ತಯಾರಾಗುತ್ತವೆ ಎಂದು ನಾನು ಹೇಳಲು ಹೋಗುವುದಿಲ್ಲ. ಡಿಸೆಂಬರಿನಲ್ಲಿ ಮುದ್ರಕರಿಗೂ ನಾಲ್ಕು ಕಾಸು ಸಿಗಲಿ.

ಸಭಿಕರನ್ನಷ್ಟೇ ಬೈದು ಪಾಸ್ಟರುಗಳನ್ನು ಬಿಟ್ಟರೆ ಪಕ್ಷಪಾತವಾದೀತು. ಕಾಣಿಕೆ ಎತ್ತುವ ಮುಂಚೆ ನಮ್ಮಲ್ಲಿ ಓದುವ ವಾಕ್ಯ ಮಲಾಕಿಯ 3:10. ದಶಮಾಂಶ ತನ್ನಿ, ಪರಲೋಕದ ಕಿಟಕಿಗಳು ತೆರೆಯುತ್ತವೋ ಇಲ್ಲವೋ ನೋಡಿ ಎಂಬ ಸವಾಲು. ಎಂಥ ಕಂಠಗಳಲ್ಲಿ ಎಂಥ ರಾಗದಲ್ಲಿ ಅದನ್ನು ಕೇಳಿದ್ದೇವೆ! ಅದೇ ಅಧ್ಯಾಯದಲ್ಲಿ ಐದೇ ವಾಕ್ಯ ಮೇಲೆ, ಕೂಲಿಯವನ ಸಂಬಳ ಹಿಡಿದುಕೊಂಡವರ ಮೇಲೆ, ವಿಧವೆಯರನ್ನೂ ಅನಾಥರನ್ನೂ ಪರದೇಶಿಗಳನ್ನೂ ತುಳಿದವರ ಮೇಲೆ ದೇವರು ತಾನೇ ಸಾಕ್ಷಿ ಹೇಳಲು ಬರುವುದಾಗಿ ಇದೆ. ಆ ವಾಕ್ಯವನ್ನು ಕಾಣಿಕೆಯ ಹೊತ್ತಿನಲ್ಲಿ ಓದಿದರೆ, ಚರ್ಚಿನ ಶಾಲೆಯಲ್ಲಿ ಸಂಬಳ ಬಾಕಿ ಇರುವ ಟೀಚರಮ್ಮ ಹಿಂದಿನ ಬೆಂಚಿನಿಂದ ಗಟ್ಟಿಯಾಗಿ ಆಮೆನ್ ಅಂದುಬಿಡಬಹುದು. ಇನ್ನೊಂದು ಅಧ್ಯಾಯ ಹಿಂದೆ ಹೋದರಂತೂ ಕಷ್ಟ. ಅಲ್ಲಿ ದೇವರು ಯಾಜಕರ ಮುಖಕ್ಕೆ ಬಲಿಪಶುಗಳ ಸಗಣಿ ಎರಚುವ ಮಾತಾಡುತ್ತಾನೆ. ಮಲಾಕಿಯನ ಪುಸ್ತಕ ನಾಲ್ಕೇ ಅಧ್ಯಾಯ. ಅದರಲ್ಲಿ ಪ್ರಸಂಗಕ್ಕೆ ಒದಗುವುದು ಒಂದೇ ವಾಕ್ಯ ಎಂದರೆ, ಪ್ರವಾದಿಯ ಉಳಿದ ಶ್ರಮ ವ್ಯರ್ಥವಾಯಿತಲ್ಲ ಎಂದು ಮರುಕ ಹುಟ್ಟುತ್ತದೆ.

ಇಷ್ಟಾದರೂ ಓದುವವರ ಮಾತಾಯಿತು. ಓದದವರ ಭಕ್ತಿ ಇನ್ನೂ ದೊಡ್ಡದು. ಮದುವೆಗೆ ಬಂದ ಬಿಳಿ ರಟ್ಟಿನ, ಚಿನ್ನದ ಅಂಚಿನ, ಸುತ್ತಲೂ ಜಿಪ್ ಇರುವ ಬೈಬಲ್ ಮದುವೆಯ ಬೆಳ್ಳಿಹಬ್ಬದವರೆಗೂ ಹೊಸದಾಗಿಯೇ ಇರುತ್ತದೆ. ಕೂಸಿನ ತೊಟ್ಟಿಲಲ್ಲಿ ಕೆಟ್ಟ ಕನಸು ಬಾರದಿರಲೆಂದು ಒಂದು, ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಅಪಘಾತ ಆಗದಿರಲೆಂದು ಒಂದು, ಹೊಸ ಮನೆಯ ಪಾಯಕ್ಕೆ ಒಂದು. ಮುಚ್ಚಿದ್ದರೂ ಕೆಲಸ ಮಾಡುವ ಪುಸ್ತಕವನ್ನು ತೆರೆಯುವ ಅಗತ್ಯವಾದರೂ ಏನು? ಈ ಮಾರ್ಗದ ಮಹಾಪುರುಷರು ಅಮೆರಿಕದಲ್ಲಿದ್ದಾರೆ. 2020ರ ಜೂನ್ 1ರಂದು ಪ್ರತಿಭಟನಾಕಾರರನ್ನು ಚದುರಿಸಿದ ಮೇಲೆ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ವಾಷಿಂಗ್ಟನ್ನಿನ ಚರ್ಚೊಂದರ ಮುಂದೆ ಬೈಬಲ್ ಎತ್ತಿ ಹಿಡಿದು ಫೋಟೋಕ್ಕೆ ನಿಂತರು. ನಿಮ್ಮ ಬೈಬಲ್ಲೇ ಎಂದು ಪತ್ರಕರ್ತರು ಕೇಳಿದರೆ, ಒಂದು ಬೈಬಲ್ ಎಂದರು. ಪ್ರಾಮಾಣಿಕ ಉತ್ತರ. 2024ರ ಮಾರ್ಚಿನಲ್ಲಿ ಅಮೆರಿಕದ ಸಂವಿಧಾನವನ್ನೂ ಒಳಗೆ ಹೊಲಿದ ಬೈಬಲ್ಲೊಂದನ್ನು 59.99 ಡಾಲರಿಗೆ ಕೊಳ್ಳಿರೆಂದು ಜಾಹೀರಾತೂ ಕೊಟ್ಟರು. ಮೋಶೆಗೆ ಸಿನಾಯ್ ಬೆಟ್ಟದಲ್ಲಿ ಇದರ ಕಲ್ಪನೆ ಇರಲಿಲ್ಲ, ಇದ್ದಿದ್ದರೆ ಕಲ್ಲಿನ ಹಲಗೆಯಲ್ಲಿ ಇನ್ನಷ್ಟು ಜಾಗ ಬಿಡುತ್ತಿದ್ದ.

ದೇವರ ಪುಸ್ತಕ ದೇವರ ಮನೆಯಲ್ಲೇ ಕಳೆದುಹೋದದ್ದು ಇದೇ ಮೊದಲೇನಲ್ಲ. ಅರಸ ಯೋಷೀಯನ ಕಾಲದಲ್ಲಿ ಯೆರೂಸಲೇಮಿನ ದೇವಾಲಯದ ರಿಪೇರಿ ನಡೆಯುವಾಗ ಮಹಾಯಾಜಕ ಹಿಲ್ಕೀಯನಿಗೆ ಧರ್ಮೋಪದೇಶದ ಗ್ರಂಥ ಸಿಕ್ಕಿತು. ಸಿಕ್ಕಿತು ಎಂದರೆ ಅಲ್ಲಿಯವರೆಗೂ ಅದು ಇಲ್ಲದೆಯೇ ಬಲಿ, ಧೂಪ, ಕಾಣಿಕೆ ಎಲ್ಲವೂ ಸಾಂಗವಾಗಿ ನಡೆಯುತ್ತಿತ್ತು ಎಂದೇ ಅರ್ಥ. ಓದಿಸಿ ಕೇಳಿದ ಅರಸ ಬಟ್ಟೆ ಹರಿದುಕೊಂಡ. ಇವನ ಮಗ ಯೆಹೋಯಾಕೀಮ ಅಪ್ಪನಿಗಿಂತ ಬುದ್ಧಿವಂತ. ಚಳಿಗಾಲದ ಅರಮನೆಯಲ್ಲಿ ಅಗ್ಗಿಷ್ಟಿಕೆ ಮುಂದೆ ಕುಳಿತು, ಯೆರೆಮೀಯ ಬರೆಯಿಸಿ ಕಳಿಸಿದ ಸುರುಳಿಯನ್ನು ಓದಿಸಿಕೊಂಡ. ಮೂರು ನಾಲ್ಕು ಅಂಕಣ ಓದಿದಂತೆಲ್ಲ ಲೇಖಕರ ಚಾಕುವಿನಿಂದ ಅದನ್ನು ಕೊಯ್ದು ಬೆಂಕಿಗೆ ಹಾಕಿದ. ಪೂರ್ತಿ ಸುಟ್ಟ. ಯೆರೆಮೀಯ ಬಾರೂಕನನ್ನು ಕೂರಿಸಿಕೊಂಡು ಮತ್ತೆ ಎಲ್ಲವನ್ನೂ ಬರೆಸಿದ, ಜೊತೆಗೆ ಇನ್ನಷ್ಟು ಸೇರಿಸಿದ. ಪರಿಷ್ಕೃತ ಹಾಗೂ ವಿಸ್ತೃತ ದ್ವಿತೀಯ ಮುದ್ರಣ ಎಂಬುದು ಲೋಕದಲ್ಲಿ ಶುರುವಾದದ್ದು ಬಹುಶಃ ಹೀಗೆಯೇ.

ಆ ಚಾಕು ಮಾತ್ರ ಯಾರ ಕೈಯಿಂದಲೂ ಕೆಳಗೆ ಬೀಳಲಿಲ್ಲ. ಅಮೆರಿಕದ ಮೂರನೇ ಅಧ್ಯಕ್ಷ ಥಾಮಸ್ ಜೆಫರ್ಸನ್ ಸುಮಾರು 1820ರಲ್ಲಿ ಸುವಾರ್ತೆಗಳ ಪುಟಗಳನ್ನು ಕತ್ತರಿಸಿ, ಅದ್ಭುತಗಳನ್ನೆಲ್ಲ ತೆಗೆದುಹಾಕಿ, ನೀತಿಬೋಧೆಯನ್ನು ಮಾತ್ರ ಅಂಟಿಸಿ ತನ್ನದೊಂದು ಪುಸ್ತಕ ಮಾಡಿಕೊಂಡ. ಸಮಾಧಿಗೆ ಕಲ್ಲು ಉರುಳಿಸುವಲ್ಲಿಗೆ ಅದು ಮುಗಿಯುತ್ತದೆ. ಒಬ್ಬರಿಗೊಬ್ಬರು ಒಳ್ಳೆಯವರಾಗಿರಿ ಎಂಬ ಬೋಧೆ ಉಳಿಸಿಕೊಂಡವನ ತೋಟದಲ್ಲಿ ನೂರಾರು ಗುಲಾಮರು ದುಡಿಯುತ್ತಿದ್ದರು. ಬೋಧೆಗೆ ಅದೇನೂ ಅಡ್ಡಿಯಾದಂತೆ ಕಾಣುವುದಿಲ್ಲ. ಇದಕ್ಕಿಂತ ಚೂಪಾದ ಚಾಕು ಲಂಡನ್ನಿನದು. 1807ರಲ್ಲಿ, ಬ್ರಿಟಿಷ್ ಪಾರ್ಲಿಮೆಂಟು ಗುಲಾಮರ ವ್ಯಾಪಾರವನ್ನು ನಿಷೇಧಿಸಿದ ವರ್ಷವೇ, ವೆಸ್ಟ್ ಇಂಡೀಸಿನ ಗುಲಾಮರಿಗೆಂದು ಆಯ್ದ ಭಾಗಗಳ ಬೈಬಲ್ ಲಂಡನ್ನಿನಲ್ಲಿ ಅಚ್ಚಾಯಿತು. ಹಳೆ ಒಡಂಬಡಿಕೆಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು, ಹೊಸದರಲ್ಲಿ ಸುಮಾರು ಅರ್ಧ ಮಾಯ. ಯೋಸೇಫ ಗುಲಾಮನಾಗಿ ಮಾರಾಟವಾದ ಕಥೆ ಇದೆ. ಇಸ್ರಾಯೇಲ್ಯರು ಐಗುಪ್ತದ ಗುಲಾಮಗಿರಿಯಿಂದ ಹೊರಟುಹೋದ ಕಥೆ ಇಲ್ಲ. ದಾಸರು ಯಜಮಾನರ ಮಾತು ಕೇಳಬೇಕೆಂಬ ಪೌಲನ ಬುದ್ಧಿಮಾತು ಇದೆ. ದಾಸ, ಸ್ವತಂತ್ರ ಎಂಬ ಭೇದ ಕ್ರಿಸ್ತನಲ್ಲಿ ಇಲ್ಲ ಎಂದು ಅದೇ ಪೌಲ ಗಲಾತ್ಯದವರಿಗೆ ಬರೆದದ್ದು ಇಲ್ಲ.

ಈ ಸಂಪಾದಕರಿಗೆ ನಾನು ಒಂದು ವಿಷಯದಲ್ಲಿ ತಲೆಬಾಗುತ್ತೇನೆ. ಅವರು ಪುಸ್ತಕವನ್ನು ಪೂರ್ತಿ ಓದಿದ್ದರು. ಯಾವ ಪುಟ ಗುಲಾಮನ ಕೈಗೆ ಸಿಕ್ಕರೆ ತೋಟಕ್ಕೆ ಬೆಂಕಿ ಬೀಳುತ್ತದೆಂದು ಅವರಿಗೆ ಸರಿಯಾಗಿ ತಿಳಿದಿತ್ತು. ಸತ್ಯವೇದದ ಉದ್ದೇಶ ಏನೆಂದು ಅವರಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡವರು ಕಡಿಮೆ. ಅದಕ್ಕೇ ಕತ್ತರಿಸಿದರು.

ನಾವು ಅಷ್ಟು ಶ್ರಮ ತೆಗೆದುಕೊಳ್ಳುವುದಿಲ್ಲ. ಅದೇ ಗಲಾತ್ಯ 3:28ನ್ನು ಹಾಡು ಮಾಡಿ ಹಾಡುತ್ತೇವೆ, ಹಾಡಿ ಮನೆಗೆ ಬಂದು ಮಗಳಿಗೆ ವರ ಹುಡುಕುವ ಜಾಹೀರಾತಿನಲ್ಲಿ ಸಭೆಯ ಹೆಸರಿನ ಪಕ್ಕ ಜಾತಿಯ ಹೆಸರನ್ನೂ ಸೇರಿಸುತ್ತೇವೆ. ಪಕ್ಕದ ತಮಿಳುನಾಡಿನ ತಿರುಚ್ಚಿಯ ಮೇಲಪುದೂರಿನಲ್ಲಿ ಕ್ಯಾಥೊಲಿಕ್ ಸ್ಮಶಾನದ ನಡುವೆಯೇ ಗೋಡೆ ಇದೆ, ದಲಿತ ಕ್ರೈಸ್ತರ ಹೆಣ ಒಂದು ಕಡೆ, ಉಳಿದವರದು ಇನ್ನೊಂದು ಕಡೆ. ಪುನರುತ್ಥಾನದ ದಿನ ದೂತರು ಎರಡು ಬ್ಯಾಚಿನಲ್ಲಿ ಕೆಲಸ ಮಾಡಬೇಕಾದೀತು. ಸಹೋದರರು ಸಹೋದರರ ಮೇಲೆ ಕೋರ್ಟಿಗೆ ಹೋಗುವುದಕ್ಕಿಂತ ಅನ್ಯಾಯ ಸಹಿಸಿಕೊಳ್ಳುವುದೇ ವಾಸಿ ಎಂದು ಕೊರಿಂಥದವರನ್ನು ಪೌಲ ಗದರಿಸಿದ್ದಾನೆ. ಕೇರಳದ ಆರ್ಥೊಡಾಕ್ಸ್ ಮತ್ತು ಯಾಕೋಬಾಯ ಸಭೆಗಳು ಒಂದು ಶತಮಾನಕ್ಕೂ ಹೆಚ್ಚು ಕಾಲ ಜಗಳಾಡಿ 2017ರ ಜುಲೈ 3ರಂದು ಸುಪ್ರೀಂ ಕೋರ್ಟಿನಿಂದ ತೀರ್ಪು ಪಡೆದವು, ಆಮೇಲೂ ಜಗಳ ನಿಲ್ಲಲಿಲ್ಲ. ನಮ್ಮ ಸಭೆಗಳ ಆಸ್ತಿ ವ್ಯಾಜ್ಯಗಳನ್ನು ನೋಡಿದರೆ ಕನ್ನಡಿಗರು ಮಲಯಾಳಿಗಳಿಗಿಂತ ಹಿಂದೆ ಬಿದ್ದಿಲ್ಲ ಎಂದು ಹೆಮ್ಮೆಪಡಬಹುದು. ಎರಡೂ ಪಕ್ಷದ ವಕೀಲರ ಫೀಸು ಕಾಣಿಕೆಯ ಹಣದಿಂದಲೇ ಹೋಗುತ್ತದೆ, ಆ ಕಾಣಿಕೆಯನ್ನು ಮಲಾಕಿಯನ ಹೆಸರಿನಲ್ಲೇ ಎತ್ತಿರುತ್ತಾರೆ.

ಇನ್ನು ಪುಸ್ತಕವನ್ನು ಪ್ರೀತಿಯಿಂದಲೇ ತಪ್ಪು ಕೆಲಸಕ್ಕೆ ಹಚ್ಚುವವರಿದ್ದಾರೆ. ಇವರಿಗೆ ಅದು ವಿಜ್ಞಾನದ ಪಠ್ಯವೂ ಹೌದು, ಪಂಚಾಂಗವೂ ಹೌದು. ಸೂರ್ಯನೇ ನಿಂತ ಎಂದು ಯೆಹೋಶುವನ ಪುಸ್ತಕದಲ್ಲಿ ಬರೆದಿರುವಾಗ ಭೂಮಿ ಸುತ್ತುತ್ತದೆ ಎನ್ನುವುದು ಹೇಗೆ ಎಂದು ಒಂದು ಕಾಲದಲ್ಲಿ ಗೆಲಿಲಿಯೋನ ಬಾಯಿ ಮುಚ್ಚಿಸಿದರು. ಪವಿತ್ರಾತ್ಮನು ಕಲಿಸುವುದು ಪರಲೋಕಕ್ಕೆ ಹೋಗುವ ದಾರಿಯನ್ನೇ ಹೊರತು ಆಕಾಶ ಸಾಗುವ ದಾರಿಯನ್ನಲ್ಲ ಎಂಬ ಕಾರ್ಡಿನಲ್ ಒಬ್ಬರ ಮಾತನ್ನು ಗೆಲಿಲಿಯೋ 1615ರ ಪತ್ರದಲ್ಲೇ ನೆನಪಿಸಿದ್ದ. 1633ರಲ್ಲಿ ಅವನ ವಿಚಾರಣೆಯೂ ನಡೆದುಹೋಯಿತು. ಈಗ ಅದೇ ಯೆಹೋಶುವನ ವಾಕ್ಯ ವಾಟ್ಸಾಪಿನಲ್ಲಿ ಬೇರೆ ವೇಷದಲ್ಲಿ ಬರುತ್ತದೆ: ನಾಸಾದ ಕಂಪ್ಯೂಟರು ಇತಿಹಾಸದಲ್ಲಿ ಕಾಣೆಯಾದ ಒಂದು ದಿನವನ್ನು ಪತ್ತೆ ಹಚ್ಚಿತಂತೆ, ಬೈಬಲ್ ನಿಜವೆಂದು ಸಾಬೀತಾಯಿತಂತೆ. ಹಾಗೇನೂ ನಡೆದಿಲ್ಲ ಎಂದು ನಾಸಾ ಹೇಳಿ ದಶಕಗಳೇ ಆದವು. ಅಂದು ವಿಜ್ಞಾನಿಯನ್ನು ಮನೆಯಲ್ಲಿ ಕೂಡಿಹಾಕಿದ ವಾಕ್ಯಕ್ಕೆ ಇಂದು ವಿಜ್ಞಾನಿಗಳಿಂದಲೇ ಸರ್ಟಿಫಿಕೇಟು ಬೇಕಾಗಿದೆ. ದೇವರ ಮಾತಿಗೆ ಗೆಜೆಟೆಡ್ ಅಧಿಕಾರಿಯ ಸಹಿ ಹಾಕಿಸದೆ ನಮಗೆ ನಂಬಿಕೆ ಹುಟ್ಟುವುದಿಲ್ಲ.

ಪಂಚಾಂಗದವರದಂತೂ ಕರುಣಾಜನಕ ಕಥೆ. ವಿಲಿಯಂ ಮಿಲ್ಲರ್ ಎಂಬ ರೈತನ ದಾನಿಯೇಲನ ಲೆಕ್ಕಾಚಾರ ನಂಬಿ ಅಮೆರಿಕದಲ್ಲಿ ಸಾವಿರಾರು ಜನ 1844ರ ಅಕ್ಟೋಬರ್ 22ರಂದು ಕ್ರಿಸ್ತನ ಆಗಮನಕ್ಕೆ ಕಾದು ಕುಳಿತರು. 23 ಬಂತು. ಎಂಜಿನಿಯರಿಂಗ್ ಓದಿದ್ದ ಹೆರಾಲ್ಡ್ ಕ್ಯಾಂಪಿಂಗ್ ನೋಹನ ಜಲಪ್ರಳಯಕ್ಕೆ 7000 ವರ್ಷ ಕೂಡಿಸಿ 2011ರ ಮೇ 21 ಎಂದರು, ಅದು ದಾಟಿದಾಗ ಅಕ್ಟೋಬರ್ 21 ಎಂದರು. ಅವರು ಆಧಾರವಾಗಿ ಹಿಡಿದದ್ದು, ಕರ್ತನಿಗೆ ಒಂದು ದಿನ ಸಾವಿರ ವರ್ಷದಂತೆ ಎಂಬ ಪೇತ್ರನ ಮಾತನ್ನು. ಆ ದಿನ ಕಳ್ಳನಂತೆ ಬರುತ್ತದೆ ಎಂದು ಪೇತ್ರ ಒಂದೇ ವಾಕ್ಯ ಬಿಟ್ಟು ಹೇಳಿದ್ದಾನೆ. ಕಳ್ಳ ಬರುವ ಹೊತ್ತನ್ನು ಬೋರ್ಡು ಬರೆಸಿ ರಸ್ತೆ ರಸ್ತೆಯಲ್ಲಿ ಹಾಕಿದರೆ ಅವನು ಬರುವುದಾದರೂ ಹೇಗೆ?

ಹಾಗಾದರೆ ಈ ಪುಸ್ತಕ ಇರುವುದು ಯಾತಕ್ಕೆ ಎಂದು ಕೇಳಿದರೆ, ಉತ್ತರ ಜಿಪ್ಪಿನ ಒಳಗೇ ಇದೆ. ಮರಣದ ನೆರಳಲ್ಲಿ ಕುಳಿತು ತಿಮೊಥೆಗೆ ಬರೆದ ಎರಡನೇ ಪತ್ರದಲ್ಲಿ ಪೌಲ ಎರಡು ಸಂಗತಿ ಹೇಳುತ್ತಾನೆ. ಈ ಬರಹಗಳು ಕ್ರಿಸ್ತನಲ್ಲಿರುವ ರಕ್ಷಣೆಯ ವಿವೇಕ ಕೊಡುತ್ತವೆ. ಮತ್ತೆ, ಒಳ್ಳೆಯ ಕೆಲಸಗಳಿಗೆ ಮನುಷ್ಯನನ್ನು ಸಜ್ಜುಮಾಡುತ್ತವೆ. ಹೇಗೆ ಅಂದರೆ ಬೋಧನೆ, ಖಂಡನೆ, ತಿದ್ದುಪಡಿ, ಶಿಕ್ಷಣ. ನಾಲ್ಕರಲ್ಲಿ ಎರಡು ಬೈಗುಳ! ಅದೃಷ್ಟ, ವೀಸಾ, ಶತ್ರುನಾಶ, ಖಗೋಳಶಾಸ್ತ್ರ ಆ ಪಟ್ಟಿಯಲ್ಲಿ ಇಲ್ಲ. ಶಾಸ್ತ್ರಗಳನ್ನು ಅರೆದು ಕುಡಿದಿದ್ದ ಯೆಹೂದಿ ಪಂಡಿತರಿಗೂ ಯೇಸು ಹೇಳಿದ್ದು ಇದನ್ನೇ: ಪುಸ್ತಕವನ್ನೆಲ್ಲ ಶೋಧಿಸುತ್ತೀರಿ, ಪುಸ್ತಕ ಯಾರ ಬಗ್ಗೆ ಸಾಕ್ಷಿ ಹೇಳುತ್ತದೋ ಅವನ ಹತ್ತಿರ ಮಾತ್ರ ಬರುವುದಿಲ್ಲ.

ನನಗೆ ಗೊತ್ತಿರುವಂತೆ ಸತ್ಯವೇದವನ್ನು ಸರಿಯಾಗಿ ಓದಿದವರಲ್ಲಿ ಒಬ್ಬ ಪರದೇಶಿ, ಅದೂ ಒಬ್ಬ ಕಂಚುಕಿ. ಇಥಿಯೋಪಿಯದ ರಾಣಿಯ ಖಜಾಂಚಿ. ಯೆರೂಸಲೇಮಿನಿಂದ ಹಿಂದಿರುಗುತ್ತ ರಥದಲ್ಲಿ ಕುಳಿತು ಯೆಶಾಯನ 53ನೇ ಅಧ್ಯಾಯ ಓದುತ್ತಿದ್ದ. ಸುವಾರ್ತಿಕ ಫಿಲಿಪ್ಪ ಹತ್ತಿರ ಬಂದಾಗ ಆ ಭಾಗದ ಬಗ್ಗೆ ಅವನು ಕೇಳಿದ ಪ್ರಶ್ನೆ ಒಂದೇ: ಪ್ರವಾದಿ ಇದನ್ನು ಯಾರ ಬಗ್ಗೆ ಹೇಳುತ್ತಿದ್ದಾನೆ? ಇಷ್ಟು ದೂರ ಬಂದಿದ್ದೇನೆ, ಇದರಲ್ಲಿ ನನಗೇನಿದೆ ಅನ್ನಲಿಲ್ಲ. ಚೀಟಿ ಎತ್ತಿ ಓದುವವನಾಗಿದ್ದರೆ ಅವನ ಗತಿ ಏನಾಗುತ್ತಿತ್ತೋ. ಕಂಚುಕಿಗಳಿಗೆ ಕರ್ತನ ಸಭೆಯಲ್ಲಿ ಪ್ರವೇಶವಿಲ್ಲ ಎಂಬ ಧರ್ಮೋಪದೇಶಕಾಂಡದ ವಾಕ್ಯ ಕೈಗೆ ಬಂದಿದ್ದರೆ ರಥ ತಿರುಗಿಸಿಕೊಂಡು ಹೋಗಬೇಕಿತ್ತು. ಆದರೆ ಅವನು ಸಾಲಾಗಿ ಓದುತ್ತಿದ್ದ. ಅದೇ ಸುರುಳಿಯಲ್ಲಿ ಮೂರೇ ಅಧ್ಯಾಯ ಮುಂದೆ ಹೋದರೆ, ಕಂಚುಕಿಗಳಿಗೂ ಪರದೇಶಿಗಳಿಗೂ ತನ್ನ ಮನೆಯಲ್ಲಿ ಜಾಗವಿದೆ, ಹೆಸರಿದೆ ಎಂದು ದೇವರು ಹೇಳುವ ಭಾಗ ಬರುತ್ತದೆ. ಕಾರ್ಡಿನ ಮೇಲೆ ಒಂದು ವಾಕ್ಯ ಹಿಡಿಸುತ್ತದೆ. ಎರಡು ವಾಕ್ಯಗಳ ನಡುವಿನ ಜಗಳವೂ ಅದರ ತೀರ್ಮಾನವೂ ಪುಸ್ತಕದಲ್ಲಿ ಮಾತ್ರ ಹಿಡಿಸುತ್ತವೆ.

ಓದಿದ ಮೇಲೂ ಒಂದು ಗಂಡಾಂತರ ಉಳಿದಿದೆ ಎಂದು ಲೂಕ ಎಮ್ಮಾವಿನ ಕಥೆಯಲ್ಲಿ ಹೇಳುತ್ತಾನೆ. ಸುಮಾರು ಹನ್ನೊಂದು ಕಿಲೋಮೀಟರ್ ದಾರಿ. ಎದ್ದುಬಂದ ಯೇಸುವೇ ಜೊತೆಗೆ ನಡೆಯುತ್ತ, ಮೋಶೆಯಿಂದ ಹಿಡಿದು ಪ್ರವಾದಿಗಳವರೆಗೆ ಪಾಠ ಹೇಳುತ್ತಾನೆ. ಇದಕ್ಕಿಂತ ಒಳ್ಳೆಯ ಬೈಬಲ್ ಸ್ಟಡಿ ಲೋಕದಲ್ಲಿ ನಡೆದಿಲ್ಲ. ಆದರೂ ಇಬ್ಬರು ಶಿಷ್ಯರಿಗೆ ಗುರುತು ಸಿಗಲಿಲ್ಲ. ಕತ್ತಲಾಯಿತು, ನಮ್ಮಲ್ಲೇ ಇರಿ ಎಂದು ಆ ಅಪರಿಚಿತನನ್ನು ಒತ್ತಾಯ ಮಾಡಿ ಒಳಗೆ ಕರೆದು, ಊಟಕ್ಕೆ ಕೂರಿಸಿದರು. ಅವನು ರೊಟ್ಟಿ ಮುರಿದಾಗ ಅವರ ಕಣ್ಣು ತೆರೆಯಿತು. ಪಾಠ ಎದೆಯಲ್ಲಿ ಬೆಂಕಿ ಹಚ್ಚಿತ್ತು, ನಿಜ. ಅಪರಿಚಿತನನ್ನು ಹೊಸ್ತಿಲಾಚೆಯೇ ಬಿಟ್ಟು ಬಾಗಿಲು ಹಾಕಿಕೊಂಡಿದ್ದರೆ ಬೆಂಕಿ ರಾತ್ರಿಗೇ ಆರಿಹೋಗುತ್ತಿತ್ತು. ನಮ್ಮ ಕಾಟೇಜ್ ಪ್ರೇಯರುಗಳು ಹೆಚ್ಚಾಗಿ ಹನ್ನೊಂದನೇ ಕಿಲೋಮೀಟರಿನಲ್ಲೇ ಮುಗಿಯುತ್ತವೆ. ಚಹಾ ಬಿಸ್ಕತ್ತು ಆಗುತ್ತದೆ, ಆದರೆ ನಮ್ಮನಮ್ಮವರಿಗೆ.

ಇದೆಲ್ಲ ಕನ್ನಡದಲ್ಲಿ ಸಿಗುವುದಿಲ್ಲ ಎಂದು ತಪ್ಪಿಸಿಕೊಳ್ಳುವಂತೆಯೂ ಇಲ್ಲ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು, ಆ ಬಿಸಿಲಿನಲ್ಲಿ ಕನ್ನಡ ಕಲಿತು, ಸಂಗಡಿಗರೊಂದಿಗೆ ಕೂತು ಪೂರ್ತಿ ಸತ್ಯವೇದ ಹೊರತಂದದ್ದು 1831ರಲ್ಲಿ. ಚೀಟಿ ಎತ್ತುವುದಕ್ಕೆ ಇಷ್ಟು ವರ್ಷದ ದುಡಿಮೆ ಬೇಕಿರಲಿಲ್ಲ, ನೂರು ವಾಕ್ಯ ಅನುವಾದ ಮಾಡಿದ್ದರೆ ಸಾಕಿತ್ತು. ವಂಶಾವಳಿಗಳನ್ನೂ ಯಾಜಕಕಾಂಡದ ಕುಷ್ಠದ ನಿಯಮಗಳನ್ನೂ ಆಮೋಸನ ಬೈಗುಳಗಳನ್ನೂ ಬಿಡದೆ ಕನ್ನಡಕ್ಕೆ ತಂದವರು ನಾವು ಪೂರ್ತಿ ಓದುತ್ತೇವೆ ಎಂದು ನಂಬಿದ್ದರು. ಪಾಪ.

ಎಲ್ಲಿಂದ ಶುರು ಮಾಡಲಿ ಎನ್ನುವವರಿಗೆ ಫಿಲೆಮೋನನಿಗೆ ಬರೆದ ಪತ್ರ ಇದೆ. ಒಂದೇ ಅಧ್ಯಾಯ, 25 ವಾಕ್ಯ, ಕರೆಂಟು ಹೋಗಿ ಬರುವುದರೊಳಗೆ ಮುಗಿಯುತ್ತದೆ. ಅದರಲ್ಲಿ ನಿಮ್ಮ ಸೈಟಿಗೆ, ಮಗನ ನೌಕರಿಗೆ, ಸಕ್ಕರೆ ಕಾಯಿಲೆಗೆ ಅನ್ವಯಿಸುವ ವಾಗ್ದಾನ ಒಂದೂ ಇಲ್ಲ. ಮನೆಯಲ್ಲೇ ಸಭೆ ಕೂಡಿಸುತ್ತಿದ್ದ ಒಬ್ಬ ಯಜಮಾನನಿಗೆ, ಅವನ ಬಳಿಯಿಂದ ಹೋಗಿದ್ದ ಓನೇಸಿಮನೆಂಬ ದಾಸನನ್ನು ಇನ್ನು ದಾಸನೆಂದು ನೋಡದೆ ಪ್ರಿಯ ಸಹೋದರನೆಂದು ಬರಮಾಡಿಕೋ, ಅವನಿಂದ ನಿನಗೇನಾದರೂ ಬಾಕಿಯಿದ್ದರೆ ನನ್ನ ಲೆಕ್ಕಕ್ಕೆ ಬರೆ ಎಂದು ಸೆರೆಯಲ್ಲಿರುವ ಪೌಲ ಕೇಳಿಕೊಳ್ಳುತ್ತಾನೆ, ಅಷ್ಟೇ. ಪತ್ರ ಆ ಮನೆಯ ಸಭೆಗೂ ಸೇರಿಸಿಯೇ ಬರೆದದ್ದು, ಆದ್ದರಿಂದ ಯಜಮಾನ ಅದನ್ನು ಬಚ್ಚಿಡುವಂತೆಯೂ ಇರಲಿಲ್ಲ. ಇವತ್ತು ರಾತ್ರಿಯೇ ಓದಿ. ಓದಿ ಮುಗಿಸಿದ ಮೇಲೆ, ನಿಮ್ಮ ಅಡುಗೆಮನೆಯ ಹಿಂಬಾಗಿಲ ಹತ್ತಿರ ಕೆಲಸದವರಿಗೆಂದು ಬೇರೆ ಇಟ್ಟಿದ್ದೀರಲ್ಲ ಆ ಲೋಟ, ಅದನ್ನೇನು ಮಾಡಬೇಕೆಂದು ಪಾಸ್ಟರನ್ನು ಕೇಳಲು ಹೋಗಬೇಡಿ. ನೀವೇ ತೀರ್ಮಾನಿಸಿ.